ಹಳೆ ಫಾಟಕಿನ ಸೈಕಲ್ ಸೇತುವೆ

2023 ನವೆಂಬರ್ 6, ಸೋಮವಾರ. ಬೆಳಗ್ಗೆ, ರೈಲಿನಲ್ಲಿ

ಇವತ್ತೂ ಕಿಟಕಿ ಸೀಟು ಸಿಗಲಿಲ್ಲ. ಮೂವರ ಸೀಟಿಗೆ ಐದನೆಯವಳಾಗಿ ಕೂತು ಬರೆಯುತ್ತಿದ್ದೇನೆ. ವಡೋದರಾ ಬಿಟ್ಟಾಗಿನಿಂದ ಎದುರಿನವರು ಇಸ್ಪೀಟು ಶುರು ಮಾಡಿದ್ದಾರೆ. ಹೊರಡುವ ಮೊದಲು ಮನೆಯಲ್ಲಿ ಶ್ವೇತಾ ಟಿಫಿನ್ ಡಬ್ಬಿಯಲ್ಲಿ ಉಪ್ಪಿಟ್ಟು ನೋಡಿ ಮುಖ ಊದಿಸಿದಳು, ಇಲ್ಲಿನವರ ಮೆಂತ್ಯೆ ರೊಟ್ಟಿಯೇ ಬೇಕು ಅವಳಿಗೆ. "ಮಮ್ಮಿ, ಥೇಪ್ಲಾ ಕ್ಯೂಂ ನಹೀಂ?" ಒಂಬತ್ತು ವರ್ಷದ ಮಗಳು ಕನ್ನಡದಲ್ಲಿ ಜಗಳ ಕೂಡ ಆಡುವುದಿಲ್ಲ. ಅವಳಪ್ಪ ಸುಧೀರ್ ತನ್ನ ಇನ್ಶೂರೆನ್ಸ್ ಆಫೀಸಿಗೆ ಹೋಗುವ ಮೊದಲು ಅವಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುತ್ತಾನೆ, ಪುಣ್ಯ.

ಈ ಸಲದ ಕೆಲಸ ಇಷ್ಟವಾಗಿದೆ. ಇಷ್ಟು ವರ್ಷ ಫ್ಲೈಓವರ್ ಕಂಬಗಳ ಲೆಕ್ಕ ಹಾಕಿದ್ದೇ ಬಂತು. ಇದು ಕಾರುಗಳಿಗಲ್ಲ. ನಡೆಯುವವರಿಗೆ, ಸೈಕಲ್ ತಳ್ಳುವವರಿಗೆ. ಸೂರತ್‌ನ ಉಧನಾ ಕಡೆ ರೈಲು ಹಳಿ ದಾಟಲು. ಅಲ್ಲಿ ಮೊದಲು ಗೇಟು ಇತ್ತು. ಮುಚ್ಚಿ ಎಷ್ಟೋ ವರ್ಷವಾದರೂ ಜನರ ಬಾಯಲ್ಲಿ ಇನ್ನೂ 'ಫಾಟಕ್'. ದಾಟುವುದನ್ನೂ ಬಿಟ್ಟಿಲ್ಲ. ರೈಲ್ವೆಯವರು ಎರಡೂ ಕಡೆ ಗೋಡೆ ಕಟ್ಟುತ್ತಾರಂತೆ, ಅದಕ್ಕೆ ಮೊದಲು ಸೇತುವೆ ಬೇಕೆಂದು ಪಾಲಿಕೆ ನಮ್ಮ ಕಂಪೆನಿಗೆ ಪ್ಲಾನ್ ವಹಿಸಿದೆ. ಎಲ್ಲಿ ಶುರು, ಎಲ್ಲಿ ಇಳಿಯಬೇಕು, ಎಷ್ಟು ಎತ್ತರ — ಅದು ನನ್ನ ತಲೆನೋವು. ಮೇಲೆ ತೃಪ್ತಿಬೆನ್, ಟೀಮ್ ಲೀಡರ್.

ಅದೇ ದಿನ, ಸಂಜೆ

ಜನ ಹಳಿ ದಾಟುವುದನ್ನು ನೋಡಿದೆ. ನೋಡಲಾಗಲಿಲ್ಲ. ಸೈಕಲ್ ಹೆಗಲ ಮೇಲೆ ಹೊತ್ತು, ಆ ಕಡೆ ಈ ಕಡೆ ಕತ್ತು ತಿರುಗಿಸಿ, ಓಡುತ್ತಾರೆ. ಪೂರ್ವಕ್ಕೆ ಮಗ್ಗದ ಕಾರ್ಖಾನೆಗಳು, ಪಶ್ಚಿಮಕ್ಕೆ ಮನೆಗಳು, ಮಾರ್ಕೆಟ್. ಸುತ್ತಿ ಹೋಗಲು ಅಂಡರ್‌ಪಾಸ್ ಇದೆ, ಬಹಳ ದೂರ, ಅದೂ ಲಾರಿಗಳ ಮಧ್ಯೆ.

ಮಧ್ಯಾಹ್ನ ಹಸಿವಿಗೆ ಪಶ್ಚಿಮದ ಕಡೆ ಒಂದು ಹೋಟೆಲ್ ಹೊಕ್ಕೆ. 'ಸುಪ್ರಭಾತ'. ಗಲ್ಲಾದಲ್ಲಿದ್ದ ಹಿರಿಯರು ಒಳಗೆ ನೋಡಿ ಕೂಗಿದರು: "ಎಂತ ಮಾರಾಯ್ತಿ, ಸಾರು ಕುದಿಯುವುದು ಇನ್ನೂ ಮುಗೀಲಿಲ್ವಾ?"

ನಾನು ಎದ್ದೇ ನಿಂತೆ. "ಕನ್ನಡದವರಾ?"

"ಕುಂದಾಪುರ," ಅಂದರು. "ನೀವು?"

"ಚಿತ್ರದುರ್ಗ."

"ಅದೂ ನಮ್ಮ ಊರೇ ಈಗ," ಎಂದು ನಕ್ಕರು. ಅಚ್ಯುತ ರಾವ್. ಒಳಗಿನಿಂದ ಹೆಂಡತಿ ಬಂದರು, ಸರಸ್ವತಿ. ಸೆರಗಿಗೆ ಕೈ ಒರೆಸಿಕೊಂಡು ನನ್ನ ತಟ್ಟೆ ನೋಡಿ, ಕೇಳದೆಯೇ ಅನ್ನ ಬಡಿಸಿದರು. ಸಾರು ಬೆಲ್ಲದ್ದು, ನಮ್ಮ ಕಡೆಯದಲ್ಲ. ಆದರೂ ಮೂರು ಸಲ ಹಾಕಿಸಿಕೊಂಡೆ.

ನವೆಂಬರ್ 9, ಗುರುವಾರ

ಇವತ್ತು ಅಚ್ಯುತಣ್ಣ, ಸರಸ್ವತಿ ಅಕ್ಕ ಅಂದೇ ಕರೆದೆ. ಅವರೂ 'ನೀವು' ಬಿಟ್ಟು 'ನೀನು'ಗೆ ಬಂದಿದ್ದಾರೆ. ಸೇತುವೆ ಅಂದಾಗ ಅಚ್ಯುತಣ್ಣನಿಗೆ ಖುಷಿಯೋ ಖುಷಿ. "ಬರ್ಲಿ, ಬರ್ಲಿ. ಫಾಟಕ್ ಮುಚ್ಚಿದ ಮೇಲೆ ಆ ಕಡೆಯ ಗಿರಾಕಿ ಅರ್ಧ ಹೋಯ್ತು."

ಸಂಜೆ ಹಳಿ ಪಕ್ಕ ಒಬ್ಬಳನ್ನು ಮಾತಾಡಿಸಿದೆ. ಮಂದಾಕಿನಿ. ಒಡಿಶಾದ ಗಂಜಾಂನವಳು, ಗಂಡ ಮಗ್ಗದಲ್ಲಿ. ಇವಳು ಕಾರ್ಖಾನೆಯಿಂದ ಸೀರೆ ಗಂಟು ತಂದು, ಮನೆಯಲ್ಲಿ ಲೇಸ್ ಹಾಕಿ, ಹರಳು ಅಂಟಿಸಿ, ವಾಪಸ್ ಒಯ್ಯುತ್ತಾಳೆ. ಸೈಕಲ್ ಕ್ಯಾರಿಯರ್ ಮೇಲೆ ಗಂಟು ಅವಳಿಗಿಂತ ಎತ್ತರ. ಹೊತ್ತು ದಾಟಲಾಗದು. ಮೊದಲು ಗಂಟು ಬಿಚ್ಚಿ ಆ ಕಡೆ ಇಟ್ಟು ಬರುತ್ತಾಳೆ, ಮತ್ತೆ ಸೈಕಲ್ ಒಯ್ಯುತ್ತಾಳೆ, ಮತ್ತೆ ಕಟ್ಟುತ್ತಾಳೆ. ಅವಸರವಾದರೆ ಕಟ್ಟಿದಂತೆಯೇ ತಳ್ಳುತ್ತಾಳೆ.

"ಡರ್ ನಹೀಂ ಲಗ್ತಾ?" ಅಂದೆ.

"ಲಗ್ತಾ ಹೈ, ದೀದಿ," ಹೆದರಿಕೆ ಆಗುತ್ತದೆ ಅಂದಳು, ಗಂಟಿನ ಹಗ್ಗ ಬಿಗಿಯುತ್ತ.

ಇನ್ನು ದೀಪಾವಳಿ. ಸೂರತ್ ಬಾಗಿಲು ಹಾಕಿಕೊಳ್ಳುತ್ತದೆ.

ನವೆಂಬರ್ 28, ಮಂಗಳವಾರ

ತೃಪ್ತಿಬೆನ್‌ಗೆ ಮೆಟ್ಟಿಲೇ ಸಾಕಂತೆ. ಮೆಟ್ಟಿಲ ಅಂಚಿಗೆ ಕಬ್ಬಿಣದ ಸಣ್ಣ ಕಾಲುವೆ, ಅದರಲ್ಲಿ ಸೈಕಲ್ ಚಕ್ರ ಉರುಳಿಸುತ್ತ ಹತ್ತಬಹುದು. "ವಿಂಧ್ಯಾ, ಜಾಗ ಉಳಿಯುತ್ತೆ, ಟೈಮ್ ಉಳಿಯುತ್ತೆ, ಯಾರಿಗೂ ನೋಟಿಸ್ ಕೊಡಬೇಕಾಗಿಲ್ಲ. ಫಿನಿಶ್." ಅವರು ಹೇಳುವುದರಲ್ಲಿ ತಪ್ಪಿಲ್ಲ. ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಅದೇ ಬಗೆಯ ಕಾಲುವೆ ಇರುವ ಒಂದು ಹಳೆಯ ಸೇತುವೆ ಪಕ್ಕದ ಬಡಾವಣೆಯಲ್ಲಿದೆ. ಮಂದಾಕಿನಿಯನ್ನು ಕರೆದುಕೊಂಡು ಹೋದೆ. "ನಾನೇ ತಳ್ಳುತ್ತೇನೆ, ಕೊಡು," ಅಂದೆ. ನಕ್ಕಳು. ಹತ್ತು ಮೆಟ್ಟಿಲು ಹೋಗಿರಬಹುದು. ಗಂಟು ಹಿಂದಕ್ಕೆ ಜಗ್ಗಿತು, ಮುಂದಿನ ಚಕ್ರ ಎದ್ದಿತು, ನಾನು ಸೈಕಲ್ ಸಮೇತ ಕೆಳಗೆ. ಮೀನಖಂಡಕ್ಕೆ ಪೆಡಲ್ ಬಡಿದು ಸಲ್ವಾರ್ ಹರಿಯಿತು. ಮಂದಾಕಿನಿ ಮೊದಲು ಗಂಟು ಹಿಡಿದಳು, ಆಮೇಲೆ ನನ್ನನ್ನು. ಅದಕ್ಕೂ ನಕ್ಕಳು. ನನಗೂ ನಗು ಬಂತು.

ಮೆಟ್ಟಿಲು ಆಗದು. ರ‍್ಯಾಂಪ್ ಬೇಕು. ಉದ್ದದ, ನಿಧಾನವಾಗಿ ಏರುವ ರ‍್ಯಾಂಪ್.

ಕಾಲು ನೀಲಿಯಾಗಿದೆ. ಸುಧೀರ್ ಐಸ್ ಇಟ್ಟ. "ಡ್ರಾಯಿಂಗ್ ಮಾಡೋಳು ನೀನು, ಸರ್ಕಸ್ ಯಾಕೆ ಮಾಡ್ತೀಯ?"

ಡಿಸೆಂಬರ್ 5, ಮಂಗಳವಾರ. ಆಫೀಸು, ಎಲ್ಲರೂ ಹೋದ ಮೇಲೆ

ಹಳಿಯ ಮೇಲೆ ವಿದ್ಯುತ್ ತಂತಿ. ತಂತಿಯ ಮೇಲೆ ಸೇತುವೆ. ಅಷ್ಟು ಎತ್ತರಕ್ಕೆ ಸೈಕಲ್ ತಳ್ಳಿ ಹತ್ತಬೇಕಾದರೆ ರ‍್ಯಾಂಪ್ ತುಂಬ ಉದ್ದವಾಗುತ್ತದೆ. ಮಡಿಸಬೇಕು. ಮೂರು ಮಡಿಕೆ, ಒಂದರ ಪಕ್ಕ ಒಂದು. ಪೂರ್ವಕ್ಕೆ ಕಷ್ಟವಿಲ್ಲ, ಕಾರ್ಖಾನೆಯ ಗೋಡೆಯಾಚೆ ಪಾಲಿಕೆಯ ಖಾಲಿ ಜಾಗವಿದೆ.

ಪಶ್ಚಿಮಕ್ಕೆ ಒಂದೇ ಜಾಗ.

ಎಡಕ್ಕೆ ಸರಿಸಿದೆ, ನಾಲ್ಕಂತಸ್ತಿನ ಮನೆಗಳು. ಬಲಕ್ಕೆ ಸರಿಸಿದೆ, ನೀರಿನ ಟ್ಯಾಂಕ್. ತಿರುಗಿಸಿ ನೋಡಿದೆ. ಏನು ಮಾಡಿದರೂ ಮೂರನೆಯ ಮಡಿಕೆ ಸುಪ್ರಭಾತದ ಅಡಿಗೆಮನೆಯ ಮೇಲೆ ಬಂದು ನಿಲ್ಲುತ್ತದೆ. ಜಾಗ ಪಾಲಿಕೆಯದು, ಹೋಟೆಲಿನವರದು ಬಾಡಿಗೆ ಕರಾರು. ಕಾನೂನಿಗೆ ಸುಲಭ.

ಸ್ಕ್ರೀನ್ ಆಫ್ ಮಾಡಿದೆ. ಮತ್ತೆ ಆನ್ ಮಾಡಿದೆ. ಅಲ್ಲೇ ಇದೆ.

ಡಿಸೆಂಬರ್ 6

ಸುಧೀರ್: "ನೀನು ಬಾಯಿಬಿಡಬೇಡ ಕಣೆ. ಪಾಲಿಕೆಯವರು ನೋಟಿಸ್ ಕೊಡ್ತಾರೆ. ಅದು ಅವರ ಕೆಲಸ."

"ನೋಟಿಸ್ ಬಂದ ಮಾರನೇ ದಿನ ನಾನು ಅಲ್ಲಿ ಹೋಗಿ ಊಟಕ್ಕೆ ಕೂರಲಾ?"

"ಬೇರೆ ಕಡೆ ಕೂರು."

ಅವನು ಕೆಟ್ಟವನಲ್ಲ. ನನಗೆ ನೋವಾಗಬಾರದು ಅಂತ ಅಷ್ಟೆ.

ಡಿಸೆಂಬರ್ 8, ಶುಕ್ರವಾರ

ಹೇಳಿದೆ.

ಊಟದ ಗದ್ದಲ ಇಳಿದ ಮೇಲೆ ಇಬ್ಬರನ್ನೂ ಕೂರಿಸಿಕೊಂಡೆ. ಮೆಟ್ಟಿಲು ಯಾಕೆ ಆಗದು, ಬೇರೆ ಜಾಗ ಯಾಕಿಲ್ಲ, ಎಲ್ಲ. ಅಚ್ಯುತಣ್ಣ ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು.

"ಅಡಿಗೆಮನೆ ಹೋದ ಮೇಲೆ ಹೋಟೆಲ್ ಎಂತದ್ದು, ವಿಂಧ್ಯಾ? ಗಲ್ಲಾದಲ್ಲಿ ಕೂತು ನಾನು ಗಾಳಿ ಮಾರುವುದಾ?"

"ಇನ್ನೂ ತೀರ್ಮಾನ ಆಗಿಲ್ಲ ಅಣ್ಣ. ಆದರೆ ನಾನು ಬರೆದುಕೊಡೋದು ರ‍್ಯಾಂಪ್ ಅಂತಲೇ."

"ನಮ್ಮ ಊಟ ಉಂಡು?"

ಅಕ್ಕ ಅವರ ತೋಳು ಹಿಡಿದರು. "ಊಟದ ಮಾತು ಎಂತಕ್ಕೆ ತರುವುದು. ಅವಳು ಬಂದು ಹೇಳಿದಳಲ್ಲ. ಹೇಳದೆ ಹೋಗಬಹುದಿತ್ತು." ಹಾಗಂದರು. ಆದರೆ ನನ್ನ ಕಡೆ ನೋಡಲಿಲ್ಲ. ಎದ್ದು ಒಳಗೆ ಹೋದರು. ಪಾತ್ರೆ ತೊಳೆಯುವ ಸದ್ದು ಜೋರಾಗಿ ಕೇಳಿಸಿತು.

ವಾಪಸ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಹೊರಗೆ ಏನು ನೋಡಿದೆನೋ ನೆನಪಿಲ್ಲ.

ಡಿಸೆಂಬರ್ 15

ಮನೆಯಿಂದ ಡಬ್ಬಿ ಒಯ್ದೆ. ಸೈಟಿನಲ್ಲಿ ಆಟೋದೊಳಗೆ ಕೂತು ತಿಂದೆ. ಹೋಟೆಲ್ ಬಾಗಿಲಿಗೆ ಗುಜರಾತಿಯಲ್ಲಿ ಬೋರ್ಡ್ ಬಂದಿದೆ: ಮೆಟ್ಟಿಲ ಸೇತುವೆ ಬೇಕು, ರ‍್ಯಾಂಪ್ ಬೇಡ. ಅಂಗಡಿಯವರೆಲ್ಲ ಸಹಿ ಹಾಕಿದ್ದಾರೆ. ಅಚ್ಯುತಣ್ಣ ಫುಟ್‌ಪಾತ್ ಮೇಲೆ ನಿಂತು ಪೆನ್ನು ಕೊಡುತ್ತಿದ್ದರು. ನನ್ನನ್ನು ನೋಡಿ ಬೆನ್ನು ತಿರುಗಿಸಿದರು.

ಅವರ ಜಾಗದಲ್ಲಿದ್ದರೆ ನಾನೂ ಪೆನ್ನು ಹಿಡಿದು ನಿಲ್ಲುತ್ತಿದ್ದೆ.

ಡಿಸೆಂಬರ್ 20, ಬುಧವಾರ

ಹಳಿಗೆ ಅಂಟಿದಂತೆ ರೈಲ್ವೆಯ ಖಾಲಿ ಪಟ್ಟಿಯೊಂದಿದೆ. ಅದರಲ್ಲಿ ಸ್ವಲ್ಪ ಸಿಕ್ಕರೆ ಮೂರನೆಯ ಮಡಿಕೆ ಆ ಕಡೆ ಹೋಗುತ್ತದೆ, ಅಡಿಗೆಮನೆ ಉಳಿಯುತ್ತದೆ. ಕೇಳಲು ರೈಲ್ವೆ ಎಂಜಿನಿಯರ್ ಆಫೀಸಿಗೆ ಹೋದೆ. ಬಾಗಿಲ ಮೇಲೆ ಹೆಸರು ನೋಡಿ ಆಸೆ ಬಂತು — ಲಕ್ಷ್ಮೀನಾರಾಯಣ. ಮೈಸೂರಿನವರಂತೆ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

ನಕ್ಷೆ ಸಮಾಧಾನವಾಗಿ ನೋಡಿದರು. "ನೋಡಮ್ಮ, ಇಲ್ಲಿ ಇನ್ನೊಂದು ಲೈನ್ ಬರುತ್ತೆ. ಇವತ್ತಲ್ಲ, ನಾಳೆ. ಜಾಗ ಕೊಟ್ಟರೆ ನಾಳೆ ನಿನ್ನ ರ‍್ಯಾಂಪನ್ನೇ ಒಡೀಬೇಕು. ಆಗ ಹೋಟೆಲೂ ಇಲ್ಲ, ಸೇತುವೆಯೂ ಇಲ್ಲ."

"ಸರ್, ಸ್ವಲ್ಪವಾದರೂ..."

"ಕನ್ನಡದೋಳು ಬಂದು ಕೇಳಿದಳು ಅಂತ ಲೈನ್ ಬಗ್ಗಲ್ಲ ಕಣಮ್ಮ." ಮಾತು ಗಟ್ಟಿ, ಮುಖ ಮೃದು. ಕಾಫಿ ತಣ್ಣಗಾಗುತ್ತೆ ಕುಡಿ ಅಂದರು. ಕುಡಿದೆ. ಚಿಕೋರಿ ಹಾಕಿದ ಕಾಫಿ. ಕಣ್ಣಲ್ಲಿ ನೀರು ಬಂತು, ಕಾಫಿಗೆ ಅಂದುಕೊಂಡಿರಬೇಕು ಅವರು.

ಜನವರಿ 14, ಉತ್ತರಾಯಣ

ಇಡೀ ವಡೋದರಾ ಮಾಳಿಗೆ ಮೇಲೆ, ಗಾಳಿಪಟ ಹಾರಿಸುತ್ತ. ಶ್ವೇತಾ ಪಕ್ಕದ ಮನೆಯವರ ಜೊತೆ, ಒಂದೊಂದು ಪಟ ಕತ್ತರಿಸಿದಾಗಲೂ, "ಕಾಯ್ಪೋ ಛೇ" ಎಂದು ಕೂಗಿ ಗಂಟಲು ಕೆಡಿಸಿಕೊಂಡಳು. ನಾನು ಎಳ್ಳು ಬೆಲ್ಲ ಹಂಚಿದೆ. ಸರಸ್ವತಿ ಅಕ್ಕನಿಗೆ ಫೋನ್ ಮಾಡಲೇ ಅಂತ ಎರಡು ಸಲ ನಂಬರ್ ತೆಗೆದೆ. ಮಾಡಲಿಲ್ಲ.

ಜನವರಿ 19, ಶುಕ್ರವಾರ

ಜನರ ಅಭಿಪ್ರಾಯ ಕೇಳುವ ಸಭೆ, ಪಾಲಿಕೆ ಶಾಲೆಯಲ್ಲಿ. ಮಕ್ಕಳ ಬೆಂಚಿನ ಮೇಲೆ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ನಾನು ಎರಡೂ ನಕ್ಷೆ ತೋರಿಸಿದೆ. ಹಿಂದಿಯಲ್ಲಿ ವಿವರಿಸಿದೆ.

ಅಚ್ಯುತಣ್ಣ ಎದ್ದರು. ಎಷ್ಟು ಚೆಂದದ ಗುಜರಾತಿ! "ನಾನು ಇಪ್ಪತ್ತು ದಾಟುವ ಮೊದಲೇ ಈ ಊರಿಗೆ ಬಂದೆ. ಪ್ಲೇಗ್ ಬಂದಾಗ ಎಲ್ಲ ಓಡಿದರು, ನಾನು ಓಡಲಿಲ್ಲ, ಇಡ್ಲಿ ಬೇಯಿಸಿದೆ. ತಾಪಿ ಉಕ್ಕಿ ಊರು ಮುಳುಗಿದಾಗ ಮಾಳಿಗೆ ಮೇಲೆ ಗಂಜಿ ಮಾಡಿ ಹಂಚಿದೆ. ಸೇತುವೆ ಬೇಡ ಅನ್ನುವುದಿಲ್ಲ. ನನ್ನ ಒಲೆಯ ಮೇಲೆ ಬೇಡ." ಚಪ್ಪಾಳೆ. ನನಗೂ ತಟ್ಟಬೇಕೆನಿಸಿತು.

ಮಂದಾಕಿನಿ ಬಂದಿದ್ದಳು, ಬಾಗಿಲ ಹತ್ತಿರ ನಿಂತಿದ್ದಳು. ಮಾತಾಡು ಎಂದು ಸನ್ನೆ ಮಾಡಿದೆ. ತಲೆ ಅಲ್ಲಾಡಿಸಿದಳು. ಬಾಗಿಲಿನಿಂದಲೇ ಹೋದಳು. ಗಂಟು ಒಪ್ಪಿಸುವ ಹೊತ್ತು.

ತೀರ್ಮಾನ: ಮೆಟ್ಟಿಲ ಪ್ಲಾನನ್ನೇ ಮುಂದುವರಿಸಿ, ರ‍್ಯಾಂಪ್ ಆಮೇಲೆ ನೋಡೋಣ. ತೃಪ್ತಿಬೆನ್ ಕಾರಿನಲ್ಲಿ ಹೇಳಿದರು, "ನೀನು ಪ್ರಯತ್ನ ಮಾಡಿದೆ. ಬಿಡು ಈಗ."

ಬಿಡಬಹುದು. ಅಡಿಗೆಮನೆ ಉಳಿಯಿತು. ಒಂದು ಮನಸ್ಸಿಗೆ ಹಗುರ. ಅದೇ ನಾಚಿಕೆ.

ಫೆಬ್ರವರಿ 2, ಶುಕ್ರವಾರ

ಬರೆದೇ ಮಲಗುತ್ತೇನೆ.

ಮೆಟ್ಟಿಲಿಗಾಗಿ ಮಣ್ಣು ಪರೀಕ್ಷೆ ಇತ್ತು. ಹೋಟೆಲಿನ ಎದುರೇ ನಿಂತಿದ್ದೆ. ಮಂದಾಕಿನಿ ಆ ಕಡೆಯಿಂದ ಬಂದಳು, ಗಂಟು ಕಟ್ಟಿದಂತೆಯೇ. ಎರಡನೆಯ ಹಳಿಗೆ ಬಂದಾಗ ಮುಂದಿನ ಚಕ್ರ ಜಲ್ಲಿಯಲ್ಲಿ ಹೂತಿತು. ಸೈಕಲ್ ವಾಲಿತು. ಗಂಟಿನ ಹಗ್ಗ ಅವಳ ಕೈಗೆ ಸುತ್ತಿತ್ತು, ವಾಲುವಾಗ ಬಿಗಿಯಾಯಿತು.

ಹಾರ್ನ್ ಕೇಳಿಸಿತು.

ನಾನು ಕೂಗಿದೆ. ನಿಂತಲ್ಲೇ ಕೂಗಿದೆ. ನನ್ನ ಪಕ್ಕದಿಂದ ಯಾರೋ ಓಡಿದರು. ಬಿಳಿ ಪಂಚೆ. ಅಚ್ಯುತಣ್ಣ. ಅರವತ್ತಾರು ವರ್ಷದ ಮನುಷ್ಯ, ಜಲ್ಲಿ ಮೇಲೆ ಬರಿಗಾಲು. "ಬಿಡು! ಬಿಡು ಮಾರಾಯ್ತಿ!" — ಕನ್ನಡದಲ್ಲೇ. ಹಗ್ಗದೊಳಗೆ ಬೆರಳು ತುರುಕಿ ಕೈ ಬಿಡಿಸಿ, ಅವಳ ಸೊಂಟ ಹಿಡಿದು ಎಳೆದು ಈ ಕಡೆ ಬಿದ್ದರು. ಇಬ್ಬರೂ ಬಿದ್ದರು. ಆಮೇಲೆ ರೈಲು. ಎಷ್ಟು ಹೊತ್ತು ಹೋಯಿತೋ ಆ ರೈಲು.

ಮುಗಿದಾಗ ಸೈಕಲ್ ಸೈಕಲ್ ಆಗಿರಲಿಲ್ಲ. ಸೀರೆಗಳು ತಂತಿ ಬೇಲಿಗೆ, ಪೊದೆಗೆ, ಹಳಿಗೆ. ಮಂದಾಕಿನಿ ಎದ್ದವಳೇ ಅವನ್ನು ಹೆಕ್ಕಲು ಹೋದಳು. ನಾನು ಹಿಡಿದುಕೊಂಡೆ. ನನ್ನ ಎದೆಗೆ ಒರಗಿ ಅತ್ತಳು. ಒಡಿಯಾದಲ್ಲಿ ಏನೋ ಹೇಳುತ್ತಿದ್ದಳು, ಒಂದು ಮಾತೂ ತಿಳಿಯಲಿಲ್ಲ. ನಾನೂ ಕನ್ನಡದಲ್ಲಿ ಏನೋ ಹೇಳಿದೆ.

ಅಚ್ಯುತಣ್ಣ ನೆಲದ ಮೇಲೆಯೇ ಕೂತಿದ್ದರು. ಅಂಗಾಲು ಕೊಯ್ದು ರಕ್ತ. ಅಕ್ಕ ಚೊಂಬಿನಲ್ಲಿ ನೀರು ತಂದರು, ಮೊದಲು ಅವಳಿಗೆ ಕುಡಿಸಿದರು. ಆಮೇಲೆ ಗಂಡನ ಕಾಲು ತೊಳೆಯುತ್ತ ಬೈದರು, "ಈ ವಯಸ್ಸಿಗೆ ಓಡುವುದು ಎಂತಕ್ಕೆ? ನಿಮಗೆ ಎಂತಾದರೂ ಆಗಿದ್ರೆ?" ಬೈಯುತ್ತ ಬೈಯುತ್ತ ಅತ್ತರು.

ಫೆಬ್ರವರಿ 5, ಸೋಮವಾರ

ಬೆಳಗ್ಗೆ ಅಕ್ಕನ ಫೋನ್. ಎರಡು ತಿಂಗಳ ಮೇಲೆ. "ಇವತ್ತು ಬರ್ತಿಯಲ್ಲ? ಆ ನಕ್ಷೆ ತಾ. ಇವರು ನೋಡಬೇಕಂತೆ."

ಹೋದೆ. ಅಚ್ಯುತಣ್ಣನ ಕಾಲಿಗೆ ಬ್ಯಾಂಡೇಜು. ಬಾಗಿಲಿನ ಬೋರ್ಡ್ ಹಾಗೆಯೇ ಇತ್ತು. ಟೇಬಲ್ ಒರೆಸಿ ನಕ್ಷೆ ಹಾಸಿದೆ.

"ನನ್ನ ಒಲೆ ಎಲ್ಲಿ ಉಂಟು ಇದರಲ್ಲಿ?"

ತೋರಿಸಿದೆ.

ಬಹಳ ಹೊತ್ತು ನೋಡಿದರು. "ಅವತ್ತು ನಾನು ಹೊರಗೆ ನಿಂತಿದ್ದೆ, ಓಡಿದೆ. ಒಳಗಿದ್ದರೆ? ನಾಳೆ ಇನ್ನೊಬ್ಬಳು ಬರ್ತಾಳೆ. ನಾನು ಇಡ್ಲಿ ಬೇಯಿಸುವುದಾ, ಹಳಿ ಕಾಯುವುದಾ?"

ನಕ್ಷೆಯಿಂದ ತಲೆ ಎತ್ತಿ ನನ್ನ ಕಡೆ ತಿರುಗಿದರು.

"ನನ್ನ ಸಿಟ್ಟು ಇಳೀಲಿಲ್ಲ, ಗೊತ್ತಿರ್ಲಿ ನಿಂಗೆ. ಆದ್ರೆ ಸಹಿ ಹಾಕಿಸಿದವನು ನಾನು, ವಾಪಸ್ ತಗೊಳ್ಳುವವನೂ ನಾನೇ. ಒಂದು ಕೇಳ್ತೇನೆ. ಈ ಮೇಲಿನ ಮಡಿಕೆ ಉಂಟಲ್ಲ, ಅದರ ಕೆಳಗೆ ಎಂತ ಬರ್ತದೆ?"

"ಏನೂ ಇಲ್ಲ. ಖಾಲಿ."

"ಖಾಲಿ ಎಂತಕ್ಕೆ? ಅಲ್ಲಿ ನನಗೊಂದು ಒಲೆ ಇಡ್ಲಿಕ್ಕೆ ಜಾಗ ಕೊಡಿ. ಮುಂದಿನ ಅರ್ಧ ಹೋಟೆಲ್ ಹೇಗೂ ಉಳೀತದೆ. ಅಲ್ಲಿ ಬೇಯಿಸಿ ಇಲ್ಲಿ ಬಡಿಸ್ತೇವೆ."

ಅಕ್ಕ ಕೇಳಿದರು, "ಇವಳಿಗೆ ಕೊಡುವ ಅಧಿಕಾರ ಉಂಟಾ?"

"ಇಲ್ಲ ಅಕ್ಕ," ಅಂದೆ. "ಬರೆಯೋ ಅಧಿಕಾರ ಇದೆ. ಬರೀತೀನಿ. ಜಗಳ ಆಡ್ತೀನಿ."

"ಊಟ ಮಾಡಿ ಹೋಗು," ಅಂದರು ಅಕ್ಕ. ಅಷ್ಟೆ.

ಫೆಬ್ರವರಿ 13

ತೃಪ್ತಿಬೆನ್ ಜೊತೆ ಜಗಳ. ನಿಜವಾದ ಜಗಳ, ಆಫೀಸೆಲ್ಲ ಕೇಳಿಸುವಂತೆ. "ನಾವು ಕನ್ಸಲ್ಟೆಂಟ್, ವಿಂಧ್ಯಾ! ಪುನರ್ವಸತಿ ನಮ್ಮ ಸ್ಕೋಪ್‌ನಲ್ಲೇ ಇಲ್ಲ! ಒಬ್ಬರಿಗೆ ಬರೆದರೆ ನಾಳೆ ಹತ್ತು ಜನ ಬರುತ್ತಾರೆ!"

"ಬರಲಿ. ಕೆಳಗೆ ಜಾಗ ಇದೆ."

ಎದ್ದು ಹೋದರು. ಸಂಜೆ ನನ್ನ ಡ್ರಾಯಿಂಗ್ ತೆಗೆದುಕೊಂಡು ಬಂದು ಪಕ್ಕ ಕೂತರು. "ಒಲೆ ಅಂದರೆ ಹೊಗೆ. ಮೇಲೆ ಸೈಕಲ್‌ನವರಿಗೆ ಹೊಗೆ ಹೋಗಬಾರದು. ಚಿಮಣಿ ಎಲ್ಲಿ ತೋರಿಸಿದ್ದೀಯಾ?" ತೋರಿಸಿರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಹೋಗುವಾಗ ಅಂದರು, ಅವರ ಅಜ್ಜಿಯ ಮನೆ ಅಹಮದಾಬಾದಿನ ಮಣಿನಗರದಲ್ಲಿ ರಸ್ತೆ ಅಗಲ ಮಾಡುವಾಗ ಅರ್ಧ ಹೋಯಿತಂತೆ. ಕೊನೆಯವರೆಗೂ ಅಜ್ಜಿ ಉಳಿದ ಅರ್ಧದಲ್ಲೇ ಇದ್ದರಂತೆ. ಇಷ್ಟು ವರ್ಷ ಜೊತೆಗಿದ್ದರೂ ನನಗೆ ಗೊತ್ತಿರಲಿಲ್ಲ.

ಫೆಬ್ರವರಿ 20, ಮಂಗಳವಾರ

ಪಾಲಿಕೆಯಲ್ಲಿ ಮೀಟಿಂಗ್. ಅಚ್ಯುತಣ್ಣನ ಹೊಸ ಪತ್ರ ಓದಿದರು — ವಿರೋಧ ವಾಪಸ್, ಷರತ್ತು ಒಂದು. ರ‍್ಯಾಂಪ್ ಒಪ್ಪಿಗೆ. ಕೆಳಗಿನ ಅಡಿಗೆ ಕೋಣೆಗೆ ಮೊದಲು ಬೇಡ ಅಂದರು. ನಾನು ಬಾಯಿ ತೆರೆಯುವ ಮೊದಲೇ ತೃಪ್ತಿಬೆನ್ ಮಾತಾಡಿದರು. ಅರ್ಧ ಗಂಟೆ ಎಳೆದಾಟ. ಕೊನೆಗೆ 'ಸ್ಥಳ ಕಳೆದುಕೊಳ್ಳುವ ಹೋಟೆಲಿಗೆ ಆದ್ಯತೆ' ಎಂದು ನಡಾವಳಿಯಲ್ಲಿ ಬರೆಸಿದರು. ಹೊರಗೆ ಬಂದು ಇಬ್ಬರೂ ಸೂರತ್‌ನ ಕಡಲೆಬೇಳೆ ತಿಂಡಿ ಲೋಚೋ ತಿಂದೆವು. ಖಾರ ಹೆಚ್ಚಾಗಿತ್ತು. ಎರಡು ಪ್ಲೇಟ್ ತಿಂದೆವು.

ಮಾರ್ಚ್ 16, ಶನಿವಾರ

ಚುನಾವಣೆ ಘೋಷಣೆ. ನೀತಿ ಸಂಹಿತೆ. ಫೈಲೆಲ್ಲ ನಿಂತವು.

ಜೂನ್ 11, ಮಂಗಳವಾರ

ಮೂರು ತಿಂಗಳು ಬರೆಯಲಿಲ್ಲ. ಬೇರೆ ಕೆಲಸ, ಶ್ವೇತಾಳ ರಜೆ, ಚಿತ್ರದುರ್ಗ, ಬಿಸಿಲು. ಮಂದಾಕಿನಿ ಈಗ ಗಂಟನ್ನು ಷೇರ್ ಆಟೋದಲ್ಲಿ ಅಂಡರ್‌ಪಾಸ್ ಸುತ್ತಿಕೊಂಡು ಒಯ್ಯುತ್ತಾಳೆ. ದಿನಕ್ಕೆ ಒಂದೇ ಸಲ ಆಗುತ್ತದೆ ಅಂತಾಳೆ. ಹಳಿಗೆ ಹೋಗುವುದಿಲ್ಲ, ಅಷ್ಟು ಸಮಾಧಾನ.

ನಾವು ಕಳಿಸಿದ್ದ ನಕ್ಷೆಗೆ ಇವತ್ತು ರೈಲ್ವೆಯಿಂದ ಉತ್ತರ ಬಂತು. ಒಪ್ಪಿಗೆ — ಆದರೆ ಸೇತುವೆ ಇನ್ನೂ ಒಂದು ಅಡಿ ಎತ್ತರ ಬೇಕು, ಮುಂದೆ ತಂತಿ ಮೇಲೇರಿಸುವುದಿದೆಯಂತೆ. ಲಕ್ಷ್ಮೀನಾರಾಯಣ ಸರ್ ತಾವೇ ಫೋನ್ ಮಾಡಿ ಹೇಳಿದರು, "ಬೇಜಾರು ಮಾಡ್ಕೋಬೇಡಮ್ಮ."

ಒಂದು ಅಡಿ. ಮೇಲೆ ಒಂದು ಅಡಿ ಅಂದರೆ ಕೆಳಗೆ ರ‍್ಯಾಂಪ್ ಇಪ್ಪತ್ತು ಅಡಿ ಮುಂದೆ. ಗಲ್ಲಾ, ನಾಲ್ಕು ಟೇಬಲ್, ಬಾಗಿಲು. ಮುಂದಿನ ಅರ್ಧವೂ ಹೋಯಿತು.

ಉಳಿಯುವುದು ಸೇತುವೆಯ ಕೆಳಗಿನ ಒಂದು ಕೋಣೆ ಮಾತ್ರ.

ಎರಡನೆಯ ಸಲ ಹೇಳಬೇಕು, ಅದೇ ಟೇಬಲ್‌ನಲ್ಲಿ ಕೂತು.

ಜೂನ್ 13

ಹೇಳಿದೆ. ಅಚ್ಯುತಣ್ಣ ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. "ಪತ್ರ ವಾಪಸ್ ತಗೊಳ್ಳಬಹುದು ಅಣ್ಣ. ಷರತ್ತು ಬದಲಾಗಿದೆ. ಅದು ನಿಮ್ಮ ಹಕ್ಕು," ಅಂದೆ. ಸುಳ್ಳಲ್ಲ ಅದು. ತಗೊಂಡರೆ ಮತ್ತೆ ಮೆಟ್ಟಿಲೇ. ಅದನ್ನೂ ಹೇಳಿದೆ.

"ನೀನು ಹೋಗು ಈಗ," ಅಂದರು. "ನಾವಿಬ್ಬರು ಮಾತಾಡಬೇಕು."

ಜೂನ್ 24

ಫೋನ್ ಇಲ್ಲ. ನಾನೂ ಮಾಡಿಲ್ಲ. ಸುಧೀರ್ ಕೇಳಿದ, "ಸೂರತ್‌ನೋರು ಏನಂದ್ರು?" ಮೊದಲ ಸಲ ಅವನಾಗಿಯೇ ಕೇಳಿದ್ದು. ಗೊತ್ತಿಲ್ಲ ಅಂದೆ. ಚಹಾ ಮಾಡಿ ತಂದುಕೊಟ್ಟ.

ಜುಲೈ 9, ಮಂಗಳವಾರ. ಸಂಜೆ, ರೈಲಿನಲ್ಲಿ

ಗುರುತು ಹಾಕುವ ದಿನ. ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಸರ್ವೆಯವರು ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದರು. ಅಚ್ಯುತಣ್ಣ ತಮ್ಮ ಪತ್ರ ವಾಪಸ್ ತಗೊಂಡಿಲ್ಲ, ಹಾಗಾದರೆ ಒಪ್ಪಿಗೆ ಎಂದು ಪಾಲಿಕೆಯವರ ಲೆಕ್ಕ. ನನಗೆ ಹಾಗನಿಸಲಿಲ್ಲ. ಬಾಯಿಂದ ಕೇಳದೆ ಬಣ್ಣ ಹಚ್ಚಿಸಲಾರೆ. ಅವರನ್ನು ಹೊರಗೆ ನಿಲ್ಲಿಸಿ ಒಳಗೆ ಹೋದೆ.

ಹೋಟೆಲ್ ತುಂಬಿತ್ತು. ಅಚ್ಯುತಣ್ಣ ಗಲ್ಲಾದಿಂದ ನನ್ನನ್ನು ನೋಡಿದರು, ಕಿಟಕಿಯಾಚೆ ಬಣ್ಣದ ಡಬ್ಬಿ ನೋಡಿದರು. ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು ಎದ್ದರು.

"ಅಣ್ಣ, ನೀವು ಬೇಡ ಅಂದರೆ ಇವತ್ತು ನಾನು ವಾಪಸ್ ಹೋಗ್ತೀನಿ."

ಹೊರಗೆ ನಡೆದರು. ಸರ್ವೆಯವನ ಕೈಯಿಂದ ಬ್ರಷ್ ಇಸಕೊಂಡರು. "ಎಲ್ಲಿಂದ?"

ಟೇಪ್ ಹಿಡಿದು ತೋರಿಸಿದೆ. ಗೋಡೆಯ ಮೇಲೆ ಅವರೇ ಗೆರೆ ಎಳೆದರು. ಕೈ ನಿಧಾನವಿತ್ತು, ಗೆರೆ ನೆಟ್ಟಗಿತ್ತು. ಮಳೆಗೆ ಬಣ್ಣ ಇಳಿಯಿತು. ಮತ್ತೆ ಬಳಿದರು. ತಿನ್ನುತ್ತಿದ್ದವರು ಎದ್ದು ಬಾಗಿಲಿಗೆ ಬಂದು ನಿಂತರು. ಕೊನೆಯ ಗುರುತು ಬಾಗಿಲ ಚೌಕಟ್ಟಿಗೆ. ಅಲ್ಲಿ ಸ್ವಲ್ಪ ಹೊತ್ತು ನಿಂತರು, ಅಂಗೈ ಚೌಕಟ್ಟಿನ ಮೇಲಿಟ್ಟು. ಆಮೇಲೆ ಬ್ರಷ್ ಅದ್ದಿದರು.

"ನಾನು ಕಟ್ಟಿದ್ದು," ಅಂದರು. "ಬೇರೆಯವರು ಗುರುತು ಹಾಕುವುದು ಬೇಡ."

ಅಲ್ಲಿ ಅಳಲಿಲ್ಲ ನಾನು. ಈಗ ಬರೆಯುವಾಗ ಎದುರಿನ ಹೆಂಗಸು ನೀರಿನ ಬಾಟಲಿ ಚಾಚಿದಳು.

ಊಟಕ್ಕೆ ಸರ್ವೆಯವರನ್ನೂ ಕೂರಿಸಿದರು. ಮಂದಾಕಿನಿ ದಾರಿಯಲ್ಲಿ ಹೋಗುತ್ತಿದ್ದವಳು ಗೋಡೆ ನೋಡಿ ಒಳಗೆ ಬಂದಳು. ಏನು ಹೇಳಬೇಕೋ ತೋಚದೆ ಅಚ್ಯುತಣ್ಣನ ಕಾಲು ಮುಟ್ಟಲು ಬಗ್ಗಿದಳು. ಅವರು ಗಾಬರಿಯಾಗಿ ಹಿಂದೆ ಸರಿದು, "ಅರೆ, ಬೈಠೋ, ಬೈಠೋ, ಖಾನಾ ಖಾವೋ," ಎಂದು ಕುರ್ಚಿ ಎಳೆದರು. ಬಡಿಸಿದ ಮೇಲೆ ಸರಸ್ವತಿ ಅಕ್ಕ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತರು. ಅವರು ಕೂತು ಉಣ್ಣುವುದನ್ನು ನಾನು ನೋಡಿರಲೇ ಇಲ್ಲ.

ಹೊರಡುವಾಗ ಅಕ್ಕ ಕೊಡೆ ಹಿಡಿದು ಆಟೋವರೆಗೆ ಬಂದರು.

"ಮೂರು ವಾರ ಮಾತಾಡಿದ್ದೇವೆ ನಾವಿಬ್ಬರು. ರಾತ್ರಿ ಹಗಲು. ಇವರು ಒಪ್ಪಿದ್ದು ಮೊದಲು. ಒಪ್ಪದಿದ್ದವಳು ನಾನು."

"ಅಕ್ಕ..."

"ಈಗಲೂ ಪೂರ್ತಿ ಒಪ್ಪಲಿಲ್ಲ. ನಿನ್ನ ಮೇಲೆ ಸಿಟ್ಟು ಉಂಟು ನಂಗೆ. ಇರ್ತದೆ. ಆದ್ರೆ ಊಟಕ್ಕೆ ಬರುವುದು ಬಿಡಬೇಡ. ಇಲ್ಲಿದ್ದರೆ ಇಲ್ಲಿ, ಸೇತುವೆ ಕೆಳಗಾದರೆ ಅಲ್ಲಿ. ಮಗಳನ್ನೂ ಕರ್ಕೊಂಡು ಬಾ. ಕನ್ನಡ ಬರೋದಿಲ್ಲ ಅಂದಿಯಲ್ಲ, ನಾನು ಬೈದು ಕಲಿಸ್ತೇನೆ."

ಆಟೋ ಹೊರಟ ಮೇಲೆ ತಿರುಗಿ ನೋಡಿದೆ. ಕೊಡೆ ಹಿಡಿದು ಅಲ್ಲೇ ನಿಂತಿದ್ದರು, ಹಿಂದೆ ಗೋಡೆಯ ಮೇಲೆ ಮಳೆಗೆ ತೊಯ್ದ ಕೆಂಪು ಗೆರೆ.

ಭರೂಚ್ ಹತ್ತಿರ ಬಂತು. ರೈಲು ನರ್ಮದೆಯ ಮೇಲೆ, ಅಕ್ಷರ ಎಲ್ಲ ಕುಣಿಯುತ್ತಿವೆ. ಶ್ವೇತಾಗೆ ಫೋನ್ ಮಾಡಿ ಹೇಳಿದೆ, ಶನಿವಾರ ಸೂರತ್‌ಗೆ ಹೋಗುವುದು ಅಂತ. "ಕಿಸ್ಕೇ ಘರ್?" ಅಂದಳು. ಯಾರ ಮನೆಗೆ ಅಂತ ಹೇಳಲಿ, ಹೋಟೆಲ್ ಅಂದರೆ ಅವಳಿಗೆ... ಕೊನೆಗೆ ಹೇಳಿದೆ, "ನಿನ್ನ ದೊಡ್ಡಮ್ಮನ ಮನೆಗೆ."